ತೊಲೆಯ ಅಳತೆ

ನಮ್ಮ ಮನೆಯ ಪಡುವಣ ಕೋಣೆಯಲ್ಲಿ ಬೇಸಿಗೆಯ ಮಧ್ಯಾಹ್ನ ಯಾರೂ ಮಲಗುತ್ತಿರಲಿಲ್ಲ. ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ. ಮೇಲೆ ಸಿಮೆಂಟಿನ ಸ್ಲ್ಯಾಬು, ಪಕ್ಕಕ್ಕೆ ಸಂಜೆಯವರೆಗೂ ಸೂರ್ಯನನ್ನೇ ನೋಡುತ್ತ ನಿಂತ ಗೋಡೆ. ರಾತ್ರಿ ಹತ್ತಕ್ಕೆ ಅಂಗೈ ಊರಿದರೆ ಆಗಷ್ಟೇ ರೊಟ್ಟಿ ಇಳಿಸಿದ ಹಂಚಿನ ಹಾಗೆ ಇರುತ್ತಿತ್ತು. ಹಾಗಾಗಿ ಅದು ಜೋಳದ ಚೀಲ, ಮುರಿದ ಕುರ್ಚಿ, ಹಳೆಯ ಪುಸ್ತಕಗಳ ಕೋಣೆಯಾಗಿತ್ತು.

ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ಅವ್ವ ಮೊದಲ ದಿನವೇ ಆ ಕೋಣೆಯ ಬಾಗಿಲಲ್ಲಿ ನಿಂತು, “ಇದು ಮನಿಯೋ, ಇಟ್ಟಿಗಿ ಭಟ್ಟಿಯೋ?” ಎಂದಳು. ಅವಳು ಮಾಳಿಗೆ ಮನೆಯಲ್ಲಿ ಹುಟ್ಟಿ, ಮಾಳಿಗೆ ಮನೆಯಲ್ಲೇ ಮುದುಕಿಯಾದವಳು. ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹಾಸು, ಅದರ ಮೇಲೆ ಮೊಳದುದ್ದ ಮಣ್ಣು. ಮೇಲ್ಗಡೆಗೆ ಚೌಳು ಮಣ್ಣು. ಉಪ್ಪಿನಂಶದ ಆ ಮಣ್ಣು ನೀರು ಬಿದ್ದ ಕೂಡಲೇ ನುಣ್ಣಗೆ ಕರಗಿ ಸಣ್ಣ ಸಣ್ಣ ತೂತುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ಬೆಳೆಗೆ ಬಾರದ ಮಣ್ಣು ಮಾಳಿಗೆಗೆ ಬಂಗಾರ. ನಡುಮನೆಯ ನೆತ್ತಿಯಲ್ಲೊಂದು ಬೆಳಕಿಂಡಿ. ಮೇ ತಿಂಗಳಲ್ಲೂ ಅಲ್ಲಿ ಹೊದಿಕೆ ಹುಡುಕುತ್ತಿದ್ದೆವು.

ದೇವದುರ್ಗ ತಾಲ್ಲೂಕಿನ ಆ ಮನೆಯ ಅರ್ಧ ಭಾಗ 2009ರ ಮಳೆಗೆ ಕುಸಿಯಿತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ನಮ್ಮ ಭಾಗದಲ್ಲಿ ಆ ವಾರವನ್ನು ಮರೆತವರಿಲ್ಲ. ಹೊಳೆ ಉಕ್ಕಿದ್ದು ಒಂದು ಕಡೆ, ಬಿಡದೆ ಹೊಡೆದ ಮಳೆಗೆ ಮಣ್ಣಿನ ಗೋಡೆಗಳು ನೀರು ಕುಡಿದು ಕೂತದ್ದು ಇನ್ನೊಂದು ಕಡೆ. ಆಮೇಲೆ ‘ಆಸರೆ’ ಯೋಜನೆಯ ಮನೆಗಳು ಬಂದವು, ಸ್ಲ್ಯಾಬುಗಳು ಬಂದವು. ಮಾಳಿಗೆ ಎಂದರೆ ಭಯ ಎನ್ನುವ ಕಾಲ ಬಂತು. ಆ ಭಯ ಸುಳ್ಳಲ್ಲ. ಬಿದ್ದ ಗೋಡೆಯ ಪಕ್ಕ ನಿಂತವಳು ನಾನು. ಮಣ್ಣಿನ ಮನೆಯನ್ನು ಹಾಡಿ ಹೊಗಳುವಾಗ ಆ ರಾತ್ರಿಯನ್ನು ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ.

ಉಳಿದರ್ಧವನ್ನು ನನ್ನ ತಮ್ಮ ತಾನೇ ಬಿಚ್ಚಿಸಿದ. ಮರಮುಟ್ಟು ದನದ ಕೊಟ್ಟಿಗೆಯಲ್ಲಿ, ಹತ್ತಿ ಕಟ್ಟಿಗೆಯ ಬಣವೆಯ ಹಿಂದೆ ವರ್ಷಗಟ್ಟಲೆ ಬಿದ್ದಿತ್ತು. ಒಂದು ದಿನ ಫೋನು: “ಯಕ್ಕಾ, ಆ ತೊಲಿ ನೀ ಒಯ್ತಿಯೇನು? ಕಟಿಗಿ ಅಡ್ಡೇದಾವ ಕೇಳಾಕತ್ತಾನ.”

ಗಬ್ಬೂರಿನ ದಾರಿಯಲ್ಲಿ ಟೆಂಪೋ ಬಂತು. ಒಂದು ಬೇವಿನ ತೊಲೆ, ಹದಿನಾಲ್ಕು ಜಂತಿ, ಬೋದಿಗೆ ಸಮೇತ ಒಂದು ಸಾಗವಾನಿ ಕಂಬ, ಒಂದು ಜೋಡಿ ಬಾಗಿಲು, ನಡುಮನೆಯ ಶಾಬಾದಿ ಪರ್ಸಿ. ಓಣಿಯ ಮಕ್ಕಳು ತೊಲೆಯ ಮೇಲೆ ಸಾಲಾಗಿ ಕೂತರು. ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತೊಂದು ಅಡಿಗೂ ಉದ್ದದ ಕಲ್ಲೊಂದಿದೆ. ಅದನ್ನು ಬಂಡಿಯ ಮೇಲೆ ಹೇರಿ ತಂದ ಚಿತ್ರವನ್ನೂ ಅಲ್ಲೇ ಕೆತ್ತಿಟ್ಟಿದ್ದಾರೆ. ಕಲ್ಲು ನಿಲ್ಲಿಸಿದವರ ಕಥೆಗಿಂತ ಆ ಬಂಡಿಯ ಚಿತ್ರವೇ ನನಗೆ ಇಷ್ಟ. ಭಾರವಾದದ್ದನ್ನು ತಂದವರಿಗೆ ತಂದೆವೆಂದು ಹೇಳಿಕೊಳ್ಳುವ ಆಸೆ ಇರುತ್ತದೆ. ಟೆಂಪೋ ಇಳಿಸುವಾಗ ನಾನೂ ಫೋಟೋ ತೆಗೆದುಕೊಂಡೆ.

ನನ್ನ ಲೆಕ್ಕ ಸರಳವಾಗಿತ್ತು. ತೊಲೆಯನ್ನು ಗೋಡೆಯಿಂದ ಗೋಡೆಗೆ ಕೂರಿಸುವುದು, ಅದರ ಮೇಲೆ ಜಂತಿ, ಜಂತಿಯ ಮೇಲೆ ಮೇದಾರರ ಬಿದಿರು ತಟ್ಟಿ. ಸ್ಲ್ಯಾಬಿನ ಕಾವು ನೇರವಾಗಿ ತಲೆಗೆ ಇಳಿಯದಂತೆ ಕೆಳಗೊಂದು ಎರಡನೇ ಸೂರು. ಬಡಿಗೇರಣ್ಣ ಟೇಪು ಹಿಡಿದ. ಕೋಣೆ ಹನ್ನೆರಡು ಅಡಿ. ತೊಲೆ ಹನ್ನೊಂದು.

ನಾನು ಸಪ್ಪಗಾದೆ. ಅರ್ಧಕ್ಕೆ ಕೊಯ್ಸಿ ಮೇಜಿನ ಕಾಲು ಮಾಡೋಣವೇ ಎಂದು ಕೇಳಿದೆ. ಅವನು ತೊಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ಅದನ್ನು ಉದ್ದಕ್ಕೂ ತಟ್ಟುತ್ತ ಹೋದ. ಎಲ್ಲೂ ಪೊಳ್ಳು ಸದ್ದಿಲ್ಲ. ಗೆದ್ದಲು ಕಹಿ ಬೇವನ್ನು ಮುಟ್ಟಿರಲಿಲ್ಲ. “ಕೊಯ್ಯಬ್ಯಾಡ್ರಿ ಅಕ್ಕಾರ. ಕೊಯ್ದ್ರ ಎಲ್ಡು ತುಂಡು ಕಟಿಗಿ. ಕೊಯ್ಲಿಲ್ಲಂದ್ರ ತೊಲಿ. ಗ್ವಾಡಿನ ಒಂದಡಿ ಒಳಗ ಕರೀರಿ.” ತಿಂಥಣಿ ಮೌನೇಶ್ವರನ ಜಾತ್ರೆಗೆ ಪ್ರತಿ ವರ್ಷ ಹೊಳೆ ದಾಟಿ ಹೋಗುವ ಮನುಷ್ಯ. ಬಡಿಗರು, ಕಮ್ಮಾರರು ತಮ್ಮವನೆಂದು ನಂಬಿದ ಆ ಸಂತನ ಹೆಸರು ಹೇಳದೆ ಉಳಿ ಮುಟ್ಟುವುದಿಲ್ಲ. ಅವನ ಮಾತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತಿತು. ಗೋಡೆಯನ್ನು ಒಳಗೆ ಕರೆಯುವುದೆಂದರೇನು?

ಬೆಳಗಾಗುವಷ್ಟರಲ್ಲಿ ತಿಳಿದಿತ್ತು. ಪಡುವಣ ಗೋಡೆಯಿಂದ ಎಂಟು ಇಂಚು ಬಿಟ್ಟು, ನಾಲ್ಕಿಂಚಿನ ಇನ್ನೊಂದು ಗೋಡೆ ಎಬ್ಬಿಸಿದರೆ ತೊಲೆಯ ಒಂದು ತುದಿ ಅದರ ಮೇಲೆ ಕೂರುತ್ತದೆ. ಇನ್ನೊಂದು ತುದಿಗೆ ಮೂಡಣ ಗೋಡೆಯ ಪಕ್ಕ ಸಾಗವಾನಿ ಕಂಬವಿದೆ, ಬೋದಿಗೆಯಿದೆ. ನಡುವಿನ ಎಂಟು ಇಂಚು ಬರೀ ಗಾಳಿ. ಬಿಸಿಲಿಗೆ ಕಾದ ಹೊರಗೋಡೆ ತನ್ನ ಕಾವನ್ನು ನೇರ ಒಳಗೋಡೆಗೆ ದಾಟಿಸಲಾರದು. ನಾನು ಹುಡುಕುತ್ತಿದ್ದ ತಂಪನ್ನು ತೊಲೆಯ ಒಂದಡಿ ಕೊರತೆಯೇ ಕೈಗಿಟ್ಟಿತ್ತು. ಅಂಗಡಿಯಿಂದ ಹನ್ನೆರಡಡಿಯ ಹೊಸ ಮರ ತಂದಿದ್ದರೆ ಈ ಗೋಡೆ ನನ್ನ ಬುದ್ಧಿಗೆ ಹೊಳೆಯುತ್ತಲೇ ಇರಲಿಲ್ಲ. ಹೊಸ ಸಾಮಾನು ನಾವು ಹೇಳಿದ ಅಳತೆಗೆ ಬರುತ್ತದೆ. ಹಳೆಯ ಸಾಮಾನು ತನ್ನ ಅಳತೆ ತಾನು ಹೇಳುತ್ತದೆ, ಕೇಳುವಷ್ಟು ಪುರುಸೊತ್ತು ಬೇಕು.

ಆ ಗೋಡೆಗೆ ಬೂದಿ ಇಟ್ಟಿಗೆ ತಂದೆವು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಉರಿಯತೊಡಗಿದ್ದು 1985ರಲ್ಲಿ. ಅಂದಿನಿಂದ ಸಿಂಗರೇಣಿಯ, ಇನ್ನೂ ದೂರದ ಗಣಿಗಳ ಕಲ್ಲಿದ್ದಲು ರೈಲಿನಲ್ಲಿ ಬಂದು ನಾಡಿಗೆ ಬೆಳಕಾಗಿ ಹೋಗುತ್ತದೆ. ಬೂದಿ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಹಾರುಬೂದಿಯನ್ನು ಇಟ್ಟಿಗೆಗೆ ಬಳಸಲೇಬೇಕೆಂದು ಕೇಂದ್ರ ಪರಿಸರ ಸಚಿವಾಲಯ 1999ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿದ ಮೇಲೆ ಇದಕ್ಕೊಂದು ದಾರಿಯಾಯಿತು. ಬೂದಿ ಇಟ್ಟಿಗೆಯನ್ನು ಪರಿಸರಸ್ನೇಹಿ ಎಂದು ಕರೆಯುವಾಗ ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ. ಆ ಬೂದಿ ಹಾರಿ ಬಿದ್ದ ಊರುಗಳ ಅಂಗಳ ನೋಡಿದ್ದೇನೆ. ಆದರೆ ಇರುವ ಬೂದಿ ಗಾಳಿಯಲ್ಲಿರುವುದಕ್ಕಿಂತ ಗೋಡೆಯಲ್ಲಿರುವುದು ಮೇಲು. ಈ ಇಟ್ಟಿಗೆಯನ್ನು ಸುಡಬೇಕಿಲ್ಲ, ಹೊಲದ ಮೇಲ್ಮಣ್ಣು ಕೆರೆಯಬೇಕಿಲ್ಲ. ಗೋಡೆಯ ಟೊಳ್ಳನ್ನೇ ಬಳಸಿ ಅಲ್ಲಲ್ಲಿ ದೀಪಕ್ಕೂ ಪುಸ್ತಕಕ್ಕೂ ಮಾಡಗಳನ್ನು ಬಿಡಿಸಿದೆ, ಊರ ಮನೆಯಲ್ಲಿದ್ದ ಹಾಗೆ.

ಗಿಲಾವಿಗೆ ಮಣ್ಣು. ಅವ್ವ ಹಟ ಹಿಡಿದಳು: “ಎರಿ ಮಣ್ಣು ಬ್ಯಾಡ, ಮಸಾರಿ ತರ್ಸು.” ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ, ಹತ್ತಿಗೆ ತಾಯಿ, ಗೋಡೆಗೆ ಶತ್ರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ದುಡಿದರು. ಯಾವ ಮಣ್ಣಿಗೆ ಸಿಮೆಂಟು ಸಾಕು, ಯಾವುದಕ್ಕೆ ಸುಣ್ಣ ಬೇಕು ಎಂಬ ವಿದ್ಯೆ ಅದು. ಅವ್ವನಿಗೆ ಅದರ ಅರ್ಧವಾದರೂ ಹಿಮ್ಮಡಿಯಿಂದಲೇ ಗೊತ್ತಿತ್ತು. ಮಸಾರಿ ಮಣ್ಣಿಗೆ ಭತ್ತದ ಹೊಟ್ಟು, ಸೆಗಣಿ ಬೆರೆಸಿ, ನೀರು ಹಾಕಿ ನಾಲ್ಕು ದಿನ ಕೊಳೆಯಬಿಟ್ಟೆವು. ದಿನವೂ ತುಳಿದೆವು. ಮೊದಲ ದಿನ ಕಾಲಿಗೆ ಚುಚ್ಚುವ ಹೊಟ್ಟು ನಾಲ್ಕನೇ ದಿನಕ್ಕೆ ಮೆತ್ತಗಾಗಿ, ಕೆಸರು ಪಾದಕ್ಕೆ ಬೆಣ್ಣೆಯಂತೆ ಅಂಟದೆ ಜಾರುತ್ತದೆ. ಆಗ ಅದು ಗೋಡೆಗೆ ಸಿದ್ಧ.

ಹೊಟ್ಟು ಮಾನ್ವಿಯಿಂದ ಬಂದದ್ದು. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಆ ಸೀಮೆಯೇ ಭತ್ತದ ಸೀಮೆ. ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಗುಡ್ಡ. ಅಲ್ಲಿರುವ ನಮ್ಮ ಅತ್ತೆ ಹತ್ತು ಚೀಲ ಕಳಿಸಿದಳು. ಗಿಲಾವಿಗೆ ಎರಡು ಸಾಕಾಯಿತು. ಉಳಿದ ಎಂಟನ್ನು ತಟ್ಟಿಯ ಮೇಲೆ, ಸ್ಲ್ಯಾಬಿನ ಕೆಳಗೆ ಹಾಸಿದರೆ ಕಾವು ಇನ್ನೂ ತಡೆದೀತು ಎಂದುಕೊಂಡು ಹಾಸಿಬಿಟ್ಟೆ. ಹದಿನೈದು ದಿನಕ್ಕೆ ಇಲಿಗಳು ಸಂಸಾರ ಹೂಡಿದವು. ರಾತ್ರಿಯೆಲ್ಲ ತಲೆಯ ಮೇಲೆ ಓಡಾಟ, ಬೆಳಿಗ್ಗೆ ಹಾಸಿಗೆಯ ತುಂಬ ಹೊಟ್ಟು. ಎಲ್ಲವನ್ನೂ ಇಳಿಸಿ ತಟ್ಟಿ ತೊಳೆಸುವುದರಲ್ಲಿ ಒಂದು ವಾರ ಹೋಯಿತು. ಉಳಿದ ಹೊಟ್ಟು ತೋಟಕ್ಕೆ ಸೇರಿತು. ತಾರಸಿಯ ಮೇಲೆ ಸುಣ್ಣ ಬಳಿಸಿದೆ. ಬಿಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಇಲಿಗೆ ಅದರಲ್ಲಿ ತಿನ್ನುವಂಥದ್ದೇನೂ ಇಲ್ಲ. ಪ್ರತಿ ಬೇಸಿಗೆಗೆ ಮತ್ತೆ ಬಳಿಯಬೇಕು, ಅಷ್ಟೇ.

ಅತ್ತೆಯ ಕೌದಿಯ ಮಾತು ಹೇಳದಿದ್ದರೆ ಅವಳು ನನ್ನ ಮನೆಗೆ ಬರುವುದಿಲ್ಲ. ಪಡುವಣ ಕಿಟಕಿಗೆ ಪರದೆ ಕೊಳ್ಳುತ್ತೇನೆಂದಾಗ ಅವಳು ತನ್ನ ಟ್ರಂಕು ತೆಗೆದಳು. ಮಾವನ ಧೋತರ, ಅವಳ ಬಾಣಂತನದ ಇಳಕಲ್ ಸೀರೆ, ಮೊಮ್ಮಗನ ಲಂಗೋಟಿ. ಪದರ ಮೇಲೆ ಪದರ ಹಾಸಿ ಅಂಚಿನಿಂದ ಒಳಗೆ ಸುತ್ತು ಹಾಕುತ್ತ ಹೊಲಿದಳು, ಒಂದೊಂದು ಹೊಲಿಗೆ ಅಕ್ಕಿ ಕಾಳಿನಷ್ಟು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟಳು. ಕೌದಿಯ ಹೊಟ್ಟೆ ಬರಿದಾಗಿ ಇರಬಾರದಂತೆ. ಈಗ ಇಳಿಬಿಸಿಲು ಆ ಸೀರೆಯ ಕೆಂಪನ್ನು ದಾಟಿ ಬರುವಾಗ ಕೋಣೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ಅವ್ವ ಅದನ್ನು ನೋಡುತ್ತಲೇ ನಿದ್ದೆ ಹೋಗುತ್ತಾಳೆ. ಹೌದು, ಮಧ್ಯಾಹ್ನದ ನಿದ್ದೆ, ಪಡುವಣ ಕೋಣೆಯಲ್ಲಿ, ಪರ್ಸಿಯ ಮೇಲೆ ಬರೀ ಚಾಪೆ ಹಾಸಿಕೊಂಡು.

ಕೊನೆಗೆ ಉಳಿದದ್ದು ಬಾಗಿಲು. ಐದಡಿ ಎತ್ತರದ್ದು, ಈಗಿನ ಚೌಕಟ್ಟಿಗೆ ಕೂರದು. ಒಂದು ಕದವನ್ನು ಮಲಗಿಸಿ ಬರೆಯುವ ಮೇಜು ಮಾಡಲು ಹೇಳಿದೆ. ಬಡಿಗೇರಣ್ಣ ರಂದ ಹಿಡಿದು ಬಾಗಿದವನು ಹಾಗೇ ನಿಂತ. ಕದದ ಒಳಮೈಯಲ್ಲಿ ಗೀರುಗಳಿದ್ದವು. ನಾಲ್ಕು ನೆಟ್ಟಗೆ, ಒಂದು ಅಡ್ಡ; ಮತ್ತೆ ನಾಲ್ಕು ನೆಟ್ಟಗೆ, ಒಂದು ಅಡ್ಡ. ಸಾಲುಸಾಲು. “ಇವನ್ನ ಕೆತ್ತಿ ತಗೀಲೇನ್ರಿ?”

ಅವ್ವನನ್ನು ಕರೆದೆ. ಅವಳು ಮಣಿಕಟ್ಟಿನ ಬಳೆ ಹಿಂದೆ ಸರಿಸಿ, ಕುರುಡರು ಓದುವ ಹಾಗೆ ಆ ಗೀರುಗಳ ಮೇಲೆ ಬೆರಳಾಡಿಸಿದಳು. ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವಾಗ, ಆಳುಗಳು ಹೊತ್ತ ಬುಟ್ಟಿಗಳ ಲೆಕ್ಕ ಅದು. ಅವಳ ಅಪ್ಪ ಕುಡುಗೋಲಿನ ತುದಿಯಿಂದ ಗೀರುತ್ತಿದ್ದ. ಪ್ರತಿ ವರ್ಷಕ್ಕೊಂದು ಸಾಲು.

ಒಂದು ಸಾಲಿನ ಕೊನೆಯಲ್ಲಿ ಮೂರೇ ಗೀರು ಇದ್ದವು. ಅವ್ವನ ಬೆರಳು ಅಲ್ಲಿ ನಿಂತಿತು.

“ಆ ವರ್ಷ ರೋಣಿ ಮಳೀನ ಜೋರು ಹಿಡೀತು,” ಎಂದಳು. “ಇನ್ನೆಲ್ಡು ಬುಟ್ಟಿ ಕೆಳಗ ಉಳದ್ವು.”