ಶಿಖರಿಣಿ

ಚೈತ್ರ ಬಂದಿತೆಂದರೆ ನಮ್ಮ ಧಾರವಾಡದ ಮಾಳಮಡ್ಡಿಯ ಹೆಣ್ಣುಮಕ್ಕಳಿಗೆ ಸಂಜೆಗಳು ಸಾಲುವುದಿಲ್ಲ. ಯುಗಾದಿಯಿಂದ ಮೂರನೆಯ ದಿನ, ಶುದ್ಧ ತದಿಗೆಗೆ, ಗೌರಿಯನ್ನು ಪುಟ್ಟ ತೊಟ್ಟಿಲಲ್ಲಿ ಕೂಡಿಸಿದರೆ ಆಕೆ ಇಳಿಯುವುದು ಅಕ್ಷಯ ತದಿಗೆಗೆ. ಆ ಒಂದು ತಿಂಗಳು ದಿನಕ್ಕೊಬ್ಬರ ಮನೆಯಲ್ಲಿ ಅರಿಷಿಣ-ಕುಂಕುಮ. ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆಯ ಕೋಸಂಬರಿ, ಪಾನಕ, ಉಡಿಗೆ ನೆನೆಹಾಕಿದ ಕಡಲೆ. ನಾಲ್ಕು ಮನೆಗೆ ಹೋಗಿಬಂದವಳ ಸೆರಗಿನಲ್ಲಿ ಮರುದಿನದ ಉಸುಳಿಗೆ ಸಾಕಾಗುವಷ್ಟು ಕಡಲೆ ಇರುತ್ತದೆ. ಚೈತ್ರದಲ್ಲಿ ನಮ್ಮ ಓಣಿಯ ಗಂಡಸರು ಯಾಕೆ ಮುಖ ಸಿಂಡರಿಸಿಕೊಂಡು ಊಟಕ್ಕೆ ಕೂಡುತ್ತಾರೆಂಬುದಕ್ಕೆ ಬೇರೆ ಸಂಶೋಧನೆ ಬೇಡ.

ಈ ಸಲ ನಮ್ಮ ಮನೆಯ ಸರದಿ ಭಾನುವಾರ ಬಂದಿತ್ತು. ಪುಣೆಯಲ್ಲಿ ಓದುವ ಮಗಳು ರಜೆಗೆಂದು ಮನೆಗೆ ಬಂದವಳು, “ಅಮ್ಮಾ, ಪ್ರತಿ ವರ್ಷ ಅದs ಕೋಸಂಬರಿ, ಅದs ಪಾನಕ. ಈ ಸಲ ಸಂತ್ರಿಹಣ್ಣಿನ ಮೂಸ್ ಮಾಡೂಣು” ಎಂದಳು. ಮೂಸ್ ಎಂದರೇನೆಂದು ಕೇಳಿದೆ. ಫ್ರೆಂಚರ ಮಾತಿನಲ್ಲಿ ಅದಕ್ಕೆ ನೊರೆ ಎಂದರ್ಥವಂತೆ. ಕೆನೆಯನ್ನೋ ತತ್ತಿಯ ಬಿಳಿಯನ್ನೋ ಗಾಳಿ ತುಂಬುವಂತೆ ಕಡೆದು, ಹಣ್ಣಿನ ರಸ ಬೆರೆಸಿ, ಜೆಲಾಟಿನ್ ಹಾಕಿ ತಣ್ಣಗೆ ಹೆಪ್ಪುಗಟ್ಟಿಸುವುದು. ತತ್ತಿಯ ಹೆಸರು ಕೇಳಿಯೇ ನಾನು ಬಾಗಿಲತ್ತ ನೋಡಿದೆ. ಜೆಲಾಟಿನ್ ತಯಾರಾಗುವುದು ದನಗಳ ಚರ್ಮದಿಂದ, ಎಲುಬಿನಿಂದ ಎಂದು ಅವಳೇ ಮೆಲ್ಲಗೆ ಹೇಳಿದಳು. ಗೌರಿಯ ಮುಂದೆ ಇಡುವ ಮಾತು ಅಲ್ಲಿಗೆ ಮುಗಿಯಿತು.

ಆದರೆ ನೊರೆ ಎಂಬ ಮಾತು ನನ್ನನ್ನು ಬಿಡಲಿಲ್ಲ. ಕನ್ನಡ ಪಾಠ ಹೇಳುವವರ ಹಣೆಬರಹವೇ ಅದು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಉಕ್ಕುವ ಶಬ್ದದ ಧಾತು ಹುಡುಕುತ್ತೇವೆ. ನಮ್ಮ ಫೇಣಿಯ ಹೆಸರಿನಲ್ಲಿರುವುದೂ ನೊರೆಯೇ, ಸಂಸ್ಕೃತದ ಫೇನ. ಇನ್ನು ತತ್ತಿಯಿಲ್ಲದೆ, ಎಲುಬಿಲ್ಲದೆ, ಬಾಯಲ್ಲಿಟ್ಟರೆ ಕರಗುವಂಥದು ನಮ್ಮಲ್ಲಿಯೇ ಇಲ್ಲವೆ? ಶ್ರೀಖಂಡ! ಹಿಂದಿನವರು ಅದನ್ನು ಶಿಖರಿಣಿ ಎಂದರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಅದನ್ನು ಮರೆತಿಲ್ಲ. ಇದರ ಒಡಹುಟ್ಟಿದ ರಸಾಲೆಯನ್ನು ಭೀಮಸೇನ ಮಾಡಿದನೆಂದೂ ಕೃಷ್ಣ ಸವಿದನೆಂದೂ ವೈದ್ಯಗ್ರಂಥವಾದ ‘ಭಾವಪ್ರಕಾಶ’ ಹೇಳುತ್ತದೆ. ನಾನು ಬಿ.ಎ. ತರಗತಿಯಲ್ಲಿ ಶಿಖರಿಣಿಯೆಂದರೆ ಪಾದಕ್ಕೆ 17 ಅಕ್ಷರದ ವೃತ್ತ, ಆರನೆಯ ಅಕ್ಷರಕ್ಕೆ ಯತಿ ಎಂದು ಹಲಗೆಯ ಮೇಲೆ ಬರೆದು ಎಷ್ಟು ವರ್ಷವಾಯಿತೋ. ಅದು ತಿನ್ನುವ ವಸ್ತುವೂ ಹೌದೆಂದು ಹೇಳಿದ ದಿನ ಮಾತ್ರ ಹಿಂದಿನ ಬೆಂಚಿನವರು ತಲೆಯೆತ್ತಿ ನೋಡಿದ್ದರು. ಕಿತ್ತಳೆಯ ಶ್ರೀಖಂಡವೆಂದು ನಿರ್ಣಯವಾಯಿತು.

ಶ್ರೀಖಂಡವೆಂದರೆ ನಮ್ಮ ಮನೆಯಲ್ಲಿ ಅವ್ವನದು. ಆಕೆ ನನ್ನ ಜೊತೆಗೇ ಇದ್ದಾಳೆ. ಧಾರವಾಡಿ ಎಮ್ಮೆಯ ಹಾಲಿನ ಗಟ್ಟಿ ಮೊಸರನ್ನು ರಾತ್ರಿ ಅರಿವೆಯಲ್ಲಿ ಕಟ್ಟಿ ತೂಗುಹಾಕಿ, ಬೆಳಿಗ್ಗೆ ಚಕ್ಕಾಕ್ಕೆ ಮುಕ್ಕಾಲು ತೂಕದ ಸಕ್ಕರೆ ಕಲಸಿ, ಪಾತ್ರೆಯ ಬಾಯಿಗೆ ತೆಳ್ಳನೆಯ ಅರಿವೆ ಬಿಗಿದು, ಅಂಗೈಯಿಂದ ತಿಕ್ಕಿ ತಿಕ್ಕಿ ಇಳಿಸುತ್ತಾಳೆ. ಆ ಅರಿವೆ ಅಪ್ಪನ ಹಳೆಯ ಧೋತರದ ತುಂಡು. ಅಪ್ಪ ಹೋಗಿ ಆರು ವರ್ಷವಾಯಿತು. ಅಂದಿನಿಂದ ಚೈತ್ರಗೌರಿಗೆ ಅವ್ವ ಎಲ್ಲವನ್ನೂ ಮಾಡಿಟ್ಟು, ಮುಂಜಾನೆಯೋ ಮಧ್ಯಾಹ್ನವೋ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಯ ನನ್ನ ಸೋದರಮಾವನ ಮನೆಗೆ ಹೋಗಿಬಿಡುತ್ತಾಳೆ. ಹೋಗೆಂದು ನಾನು ಹೇಳಿದವಳಲ್ಲ. ಇರು ಎಂದೂ ಹೇಳಿದವಳಲ್ಲ. ಕಾಲೇಜಿನಲ್ಲಿ ವಚನಗಳನ್ನು ಕಲಿಸುವಾಗ ನನ್ನ ಧ್ವನಿ ಏರುತ್ತದೆಂದು ಮಕ್ಕಳು ಹೇಳುತ್ತಾರೆ. ಮನೆಯಲ್ಲಿ ಅವ್ವನ ಕೈಚೀಲಕ್ಕೆ ನೀರಿನ ಬಾಟಲಿ ಹಾಕಿಕೊಡುವುದೂ ನಾನೇ.

ಈ ಸಲ ಆಕೆ ಶನಿವಾರವೇ ಹೊರಟಳು. “ಮೂಸ್ ಅಂತೀರಿ, ಏನಂತೀರಿ, ನೀವs ತಾಯಿ-ಮಗಳು ಮಾಡ್ಕೋರಿ” ಎಂದಳು. ನಮಗೂ ಹುರುಪು ಇತ್ತು. ನಾಗಪುರದ ಕಿತ್ತಳೆಗೆ ವರ್ಷದಲ್ಲಿ ಎರಡು ಸುಗ್ಗಿ. ಮಿರಗದ ಮಳೆಗೆ ಹೂವಾದದ್ದು ಬೇಸಗೆಯ ಬಾಗಿಲಿಗೆ ಹಣ್ಣಾಗಿ ಬರುತ್ತದೆ. ಒಂದು ಡಜನ್ ತಂದೆವು. ತೊಳೆಗಳನ್ನು ಬಿಡಿಸಿ ಮಿಕ್ಸರಿಗೆ ಹಾಕಿ ತಿರುವಿ, ಸೋಸಿ, ಆ ರಸವನ್ನು ಚಕ್ಕಾಕ್ಕೆ ಬೆರೆಸಿದೆವು. ಬಣ್ಣ ಸಂಜೆಯ ಮೋಡದ ಹಾಗೆ. ರುಚಿ ನೋಡಿದರೆ ಅಮೃತ. ಫ್ರಿಜ್ಜಿನಲ್ಲಿಟ್ಟು ಮಲಗಿದೆವು.

ಬೆಳಿಗ್ಗೆ ಆರಕ್ಕೆ ಒಂದು ಚಮಚ ಬಾಯಿಗಿಟ್ಟೆ. ಹಾಗಲಕಾಯಿ! ಯುಗಾದಿಯ ಬೇವು ಕಳೆದ ವಾರವೇ ಮುಗಿದಿತ್ತು, ಇದು ಎಲ್ಲಿಂದ ಬಂತು? ಮೇಲಾಗಿ ಅಂಚಿಗೆಲ್ಲ ನೀರು ಒಸರಿತ್ತು. ಇಪ್ಪತ್ತೈದು ಜನಕ್ಕೆ ಹೇಳಿ ಬಂದದ್ದಾಗಿತ್ತು. ಫೋನು ತೆಗೆದುಕೊಂಡೆ.

“ಬೀಜಾ ತಗದಿದ್ದೇನು?” ಎಂದು ಅವ್ವ ಕೇಳಿದಳು.

“ಇಲ್ಲ.”

“ತೊಳೀ ಮ್ಯಾಲಿನ ಸಿಪ್ಪಿ?”

“ಅದೂ ಇಲ್ಲ.”

“ಎಂ.ಎ. ಬ್ಯಾರೆ ಆಗೀದಿ” ಎಂದು ಫೋನಿಟ್ಟಳು.

ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಗೆಳತಿಯೊಬ್ಬಳು ಆಮೇಲೆ ಇದರ ಮರ್ಮ ತಿಳಿಸಿದಳು. ಇಡೀ ಹಣ್ಣಿನಲ್ಲಿ ಆ ಕಹಿ ಕಹಿಯಾಗಿ ಇರುವುದಿಲ್ಲವಂತೆ. ತೊಳೆಯ ಪೊರೆಯಲ್ಲಿ ರುಚಿಯಿಲ್ಲದ ಒಂದು ವಸ್ತು ಸುಮ್ಮನೆ ಕೂತಿರುತ್ತದೆ. ಅದನ್ನು ಅರೆದು ಹುಳಿರಸಕ್ಕೆ ಕೂಡಿಸಿದರೆ ತಾಸುಗಟ್ಟಲೆ ಮೆಲ್ಲಮೆಲ್ಲಗೆ ಲಿಮೊನಿನ್ ಎಂಬ ಕಹಿಯಾಗಿ ತಿರುಗುತ್ತದೆ. ಬೀಜದಲ್ಲಂತೂ ಸಿದ್ಧವಾಗಿಯೇ ಇರುತ್ತದೆ. ರಾತ್ರಿ ಅಮೃತವಾದದ್ದು ಮುಂಜಾನೆ ವಿಷವಾಗಲು ಕಾರಣ ಇಷ್ಟೇ. ಅವ್ವನಿಗೆ ಲಿಮೊನಿನ್ ಗೊತ್ತಿಲ್ಲ, ಸಂತ್ರಿಹಣ್ಣು ಗೊತ್ತು.

ಎಂಟರೊಳಗೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಗವಳಿಗರ ಮನೆಯಿಂದ ಮೂರು ಲೀಟರ್ ಮೊಸರು ತರಿಸಿದಳು. ರಾತ್ರಿಯಿಡೀ ತೂಗಹಾಕಲು ಹೊತ್ತೆಲ್ಲಿದೆ? ಗಂಟು ಕಟ್ಟಿ, ಓರೆಯಾಗಿಟ್ಟ ಮಣೆಯ ಮೇಲಿರಿಸಿ, ರುಬ್ಬುವ ಗುಂಡನ್ನು ಅದರ ಮೇಲೆ ಹೇರಿದಳು. ಮಧ್ಯಾಹ್ನಕ್ಕೆ ಕಿಲೋದ ಆಸುಪಾಸು ಚಕ್ಕಾ ಸಿಕ್ಕಿತು. ಹಣ್ಣಿನ ಸಿಪ್ಪೆಯನ್ನು ಮಗಳ ಕೈಯಿಂದ ತುರಿಸಿದಳು, “ಕೆಂಪು ಅಷ್ಟs ಬರಲಿ, ಬಿಳಿ ಬಂತೋ ಕೆಟ್ಟಿತು” ಎನ್ನುತ್ತ. ಆ ತುರಿಯನ್ನು ಸಕ್ಕರೆಯಲ್ಲಿ ಹಾಕಿ ಬೆರಳಿನಿಂದ ತಿಕ್ಕಿದರೆ ಸಿಪ್ಪೆಯ ಎಣ್ಣೆಯೆಲ್ಲ ಸಕ್ಕರೆಗಿಳಿದು ಅಡಿಗೆಮನೆ ತುಂಬ ಪರಿಮಳ. ರಸ ಒಂದು ಹನಿಯೂ ಬೇಡ. ಹಣ್ಣು ಬೇಕಾದರೆ ಪೊರೆ ಸುಲಿದು, ಬೀಜ ತೆಗೆದ ತೊಳೆ. ಧೋತರದ ಅರಿವೆಯ ಮೇಲೆ ಆಕೆಯ ಅಂಗೈ ಸುತ್ತುವುದನ್ನು ಮಗಳು ನೋಡುತ್ತಲೇ ನಿಂತಿದ್ದಳು. ಕೆಳಗೆ ಇಳಿಯುತ್ತಿದ್ದದ್ದು ರೇಷ್ಮೆ. ನೊರೆಯಲ್ಲ ನಿಜ, ಆದರೆ ಫ್ರೆಂಚರು ಬಂದಿದ್ದರೆ ತಕರಾರು ಮಾಡುತ್ತಿರಲಿಲ್ಲ.

ನಾಲ್ಕು ಗಂಟೆಗೆ ಅವ್ವ ಕೈತೊಳೆದು ಮೊಳೆಯ ಮೇಲಿನ ಕೈಚೀಲ ತೆಗೆದುಕೊಂಡಳು.

“ತೊಳೀ ಯಾವಾಗ ಕಲಸೂದವ್ವಾ?” ಎಂದೆ.

“ಬಡಿಸೂ ಮುಂದ. ಮೊದಲs ಹಾಕಿದಿ ಅಂದ್ರ ನೀರು ಬಿಡತದ.”

“ಹಂಗಾರ ನಾ ಕುಂಕುಮ ಹಚ್ಚಲ್ಯೋ, ಇದನ್ನ ಕಲಸಲ್ಯೋ?”

ಅವ್ವ ನನ್ನ ಮುಖ ನೋಡಿದಳು. ಅಡಿಗೆಯ ಮಾತೇ ಆಡುತ್ತಿದ್ದೇನೆಯೇ ಎಂದು ನೋಡಿದಳೇನೋ. ನಾನು ಕಣ್ಣು ತಪ್ಪಿಸಿ ಕಡಲೆಯ ನೀರು ಬಸಿಯತೊಡಗಿದೆ. ಕೈಚೀಲ ಮತ್ತೆ ಮೊಳೆಗೆ ಹೋಯಿತು.

ಐದಕ್ಕೆ ಜನ ಬಂದರು. ಹೊರಗೆ ಅಡ್ಡಮಳೆಯ ಗುಡುಗು. ನಾನು ಅರಿಷಿಣ, ಕುಂಕುಮ, ಗಂಧವೆಂದು ಓಡಾಡುತ್ತಿದ್ದೆ. ಒಳಗೆ ಅವ್ವ ಐದೈದು ಬಟ್ಟಲಿಗೆ ಕಲಸಿಕೊಡುವುದು, ಮಗಳು ಹೊರಗೆ ತರುವುದು. ಎರಡನೆಯ ತಟ್ಟೆ ಬರುವ ಹೊತ್ತಿಗೆ ಮಾತು ನಿಂತು ಚಮಚಗಳ ಸಪ್ಪಳವಷ್ಟೇ ಉಳಿಯಿತು. “ಯಾರು ಮಾಡಿದ್ದು?” ಎಂದು ಎದುರುಮನೆಯ ಅಜ್ಜಿ ಕೇಳಿದರು. ಎಂಬತ್ತು ದಾಟಿದವರು, ಮಾತು ಕಟುವು. “ಅವ್ವ” ಎಂದೆ. “ಇದ್ದಾಳೇನು ಒಳಗ?” ಎಂದವರೇ ಕೂತಲ್ಲಿಂದಲೇ ಕೂಗಿದರು: “ಏ, ಆ ಹುಡಿಗಿ ಎಷ್ಟ ಸಲ ಓಡ್ಯಾಡಬೇಕು? ತಂದು ನೀನs ಬಡಿಸಬಾರದ? ಇಲ್ಲೇ ಕಲಸು ಬಾ!”

ಅವ್ವ ದೊಡ್ಡ ಪಾತ್ರೆ ಹಿಡಿದು ಹೊಸ್ತಿಲಲ್ಲಿ ಬಂದು ನಿಂತಳು. ಯಾರೂ ಏನೂ ಅನ್ನಲಿಲ್ಲ. ಒಬ್ಬಾಕೆ ಕಾಲು ಮಡಚಿ ಜಾಗ ಬಿಟ್ಟಳು. ಅವ್ವ ಒಳಗೆ ಬಂದು ಜಮಖಾನೆಯ ತುದಿಗೆ ಕೂತು ತೊಳೆ ಕಲಸತೊಡಗಿದಳು.

ಕೊನೆಗೆ ಉಡಿ ತುಂಬುವ ಹೊತ್ತು. ಸಾಲಾಗಿ ತುಂಬುತ್ತ ಬಂದೆ. ಅಜ್ಜಿಯಾದ ಮೇಲೆ ಅವ್ವ. ಕಡಲೆಯ ಬೊಗಸೆ ಹಿಡಿದು ಆಕೆಯ ಮುಂದೆ ಕೂತೆ. ಅವ್ವ ಸೆರಗು ಒಡ್ಡಲಿಲ್ಲ. ಶ್ರೀಖಂಡ ತೀರಿದ್ದ ಖಾಲಿ ಪಾತ್ರೆಯನ್ನು ನನ್ನತ್ತ ಸರಿಸಿ, “ಇದರಾಗ ಹಾಕವಾ, ನಾಳೆ ಉಸುಳಿ ಮಾಡೂಣು” ಎಂದಳು.

ಹಾಕಿದೆ. ಎಲ್ಲರಿಗೂ ಹಾಕಿದಷ್ಟೇ ಹಾಕಿದೆನೋ, ಹೆಚ್ಚಾಯಿತೋ, ನೆನಪಿಲ್ಲ. ಮರುದಿನ ನಮ್ಮ ಮನೆಯವರು ಮುಖ ಸಿಂಡರಿಸದೆ ಎರಡು ಸಲ ಉಸುಳಿ ಹಾಕಿಸಿಕೊಂಡರು.