ಯೂದನಿಗೆ ಮೊದಲ ಹಾಡು

ಒಂದೇ ಹಾಡನ್ನು ಬೇರೆ ಬೇರೆಯವರ ಕಂಠದಲ್ಲಿ ಒಂದಾದ ಮೇಲೊಂದು ಕೇಳುತ್ತ ಕೂರುವುದು ನನ್ನ ಬಹುಕಾಲದ ಹುಚ್ಚು. ಯಕ್ಷಗಾನದ ಗೀಳು ಹತ್ತಿದವರು ಬೆಳಗಿನ ಜಾವ ಆಟ ಮುಗಿಸಿ ಬಸ್ಸಿಗೆ ಕಾಯುತ್ತ, ಅದೇ ಪದ್ಯವನ್ನು ಆ ಭಾಗವತರು ಹೇಗೆ ಎತ್ತಿಕೊಂಡರು, ಈ ಭಾಗವತರು ಎಲ್ಲಿ ನಿಲ್ಲಿಸಿದರು ಎಂದು ವಾದಕ್ಕಿಳಿಯುತ್ತಾರಲ್ಲ, ನನ್ನದೂ ಅದೇ ಜಾತಿಯ ರುಚಿ. ನನ್ನ ಪ್ರಸಂಗಗಳು ಮಾತ್ರ ಲಂಡನ್ನಿನವು, ನ್ಯೂಯಾರ್ಕಿನವು. ಅವುಗಳ ಹಿಮ್ಮೇಳದಲ್ಲಿ ಎಲೆಕ್ಟ್ರಿಕ್ ಗಿಟಾರ್, ಬಾಸ್, ಡ್ರಮ್ಸ್ ಇರುತ್ತವೆ. ಜನ ಅವನ್ನು ರಾಕ್ ಮ್ಯೂಸಿಕಲ್ ಎನ್ನುತ್ತಾರೆ. ಮಾತೇ ಇಲ್ಲದೆ ಹಾಡಿನಲ್ಲೇ ನಡೆದರೆ ರಾಕ್ ಒಪೆರಾ. ಪು.ತಿ.ನ. ಅವರ ಗೀತನಾಟಕಗಳನ್ನು ಬಲ್ಲವರಿಗೆ ಈ ಎರಡನೆಯದರ ಒಳಹೊಕ್ಕುವುದು ಕಷ್ಟವಾಗದು.

ಈ ದಾರಿಯನ್ನು ಮೊದಲು ದೊಡ್ಡದಾಗಿ ತೆರೆದದ್ದು ‘ಹೇರ್’. ಜೆರೋಮ್ ರಾಗ್ನಿ, ಜೇಮ್ಸ್ ರಾಡೊ ಎಂಬ ಇಬ್ಬರು ನಟರು ಬರೆದ, ಗಾಲ್ಟ್ ಮ್ಯಾಕ್‌ಡರ್ಮಟ್ ರಾಗ ಹಾಕಿದ ಆಟ ಅದು. 1967ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರ್‌ನಲ್ಲಿ ಶುರುವಾಗಿ, 1968ರ ಏಪ್ರಿಲ್‌ನಲ್ಲಿ ಬ್ರಾಡ್‌ವೇಗೆ ಬಂದು, ಅಲ್ಲಿ 1,750 ಪ್ರಯೋಗ ಕಂಡಿತು. ಮ್ಯಾಕ್‌ಡರ್ಮಟ್ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಸಂಗೀತ ಕಲಿತವರು. ಆ ನೆಲದ ಲಯದ ಬಿಸಿ ಅವರ ಹಾಡುಗಳಲ್ಲಿದೆ. ವಿಯೆಟ್ನಾಂ ಯುದ್ಧಕ್ಕೆ ಹೋಗೆನೆಂದ ಹುಡುಗರ ಸಿಟ್ಟೂ ಕುಣಿತವೂ ಅದರಲ್ಲಿ ತುಂಬಿವೆ. ಗೌರವದಿಂದಲೇ ಹೇಳುತ್ತೇನೆ, ‘ಹೇರ್’ ನನಗೆ ಹಬ್ಬ. ಹಬ್ಬ ವರ್ಷಕ್ಕೊಮ್ಮೆ ಸಾಕು. ನಾನು ಮತ್ತೆ ಮತ್ತೆ ಹೋಗಿ ಬೀಳುವುದು ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನ ಬಾಗಿಲಿಗೆ.

ಆಂಡ್ರ್ಯೂ ಲಾಯ್ಡ್ ವೆಬ್ಬರ್ ಮತ್ತು ಟಿಮ್ ರೈಸ್ ಅದರ ಮೊದಲ ಹಾಡನ್ನು 1969ರ ನವೆಂಬರ್‌ನಲ್ಲಿ ಹೊರತಂದಾಗ ಒಬ್ಬರಿಗೆ 21 ವರ್ಷ, ಇನ್ನೊಬ್ಬರಿಗೆ 25. ಯೇಸುವಿನ ಕೊನೆಯ ದಿನಗಳನ್ನು ಗಿಟಾರ್ ಇಟ್ಟುಕೊಂಡು ರಂಗಕ್ಕೆ ತರುತ್ತೇವೆಂದರೆ ಹಣ ಹಾಕುವವರು ಯಾರು? ಹಾಗಾಗಿ ಅವರು ನಾಟಕವನ್ನು ಮೊದಲು ಕಿವಿಗೆ ಕೊಟ್ಟರು. 1970ರಲ್ಲಿ ಅದು ಎರಡು ಎಲ್‌ಪಿಗಳ ಧ್ವನಿಮುದ್ರಿಕೆಯಾಗಿ ಬಂತು, ಮರುವರ್ಷ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರಂಗಮಂದಿರ ಸಿಕ್ಕಿದ್ದು ಆಮೇಲೆ, 1971ರ ಅಕ್ಟೋಬರ್ 12ರಂದು ಬ್ರಾಡ್‌ವೇಯಲ್ಲಿ. ಈ ಹಿಂದುಮುಂದಾದ ಹುಟ್ಟೇ ಕೃತಿಗೆ ವರವಾಯಿತು ಎಂಬುದು ನನ್ನ ನಂಬಿಕೆ. ಪರದೆಯಿಲ್ಲ, ವೇಷವಿಲ್ಲ, ಬೆಳಕಿಲ್ಲ. ಪಾತ್ರ ನಿಲ್ಲಬೇಕಾದದ್ದು ಗಂಟಲಿನ ಮೇಲೆ, ವಾದ್ಯಗಳ ಮೇಲೆ ಮಾತ್ರ. ಜೋ ಕಾಕರ್ ಜೊತೆ ನುಡಿಸುತ್ತಿದ್ದ ಗ್ರೀಸ್ ಬ್ಯಾಂಡ್‌ನ ವಾದ್ಯಗಾರರು ಇಲ್ಲಿ ಕೂತಿದ್ದಾರೆ. ಅಲನ್ ಸ್ಪೆನ್ನರ್ ಅವರ ಬಾಸ್ ಗಿಟಾರನ್ನೊಂದೇ ಬೆನ್ನು ಹಿಡಿದು ಇಡೀ ನಾಟಕವನ್ನು ಒಮ್ಮೆ ಕೇಳಬಹುದು; ಅದು ಪ್ರತಿ ಪಾತ್ರದ ಕಾಲ ಕೆಳಗಿನ ನೆಲವನ್ನು ಸದ್ದಿಲ್ಲದೆ ಅಲುಗಿಸುತ್ತಿರುತ್ತದೆ.

ನಾಟಕದ ಮೊದಲ ಹಾಡು ಯೇಸುವಿನದಲ್ಲ, ಯೂದನದು. ಗುರುವಿಗೆ ದ್ರೋಹ ಬಗೆಯಲಿರುವ ಶಿಷ್ಯನೇ ಮೊದಲು ಬಾಯಿ ಬಿಡುತ್ತಾನೆ. ಗಿಟಾರಿನ ಒಂದು ಸಣ್ಣ ಸ್ವರಗುಚ್ಛ ಸುತ್ತಿ ಸುತ್ತಿ ಬರುತ್ತಿರುವಾಗ ಅವನು ತಗ್ಗಿದ ದನಿಯಲ್ಲಿ, ಬಹಳ ಯೋಚಿಸಿದವನ ಹಾಗೆ ಶುರುಮಾಡಿ, ಹೋಗಹೋಗುತ್ತ ಅರಚುವವರೆಗೂ ಏರುತ್ತಾನೆ. ಅವನಿಗೆ ಭಯ. ಜನ ಗುರುವನ್ನು ದೇವರಾಗಿಸುತ್ತಿದ್ದಾರೆ, ರೋಮನ್ನರು ತಮ್ಮನ್ನೆಲ್ಲ ಹೊಸಕಿ ಹಾಕುತ್ತಾರೆ ಎಂಬ ಭಯ. ರನ್ನನ ಗದಾಯುದ್ಧ ಓದಿ ದುರ್ಯೋಧನನಿಗಾಗಿ ಕಣ್ಣು ತೇವ ಮಾಡಿಕೊಂಡ ಕನ್ನಡ ಓದುಗನಿಗೆ ಇಲ್ಲಿ ಆಘಾತವೇನೂ ಆಗುವುದಿಲ್ಲ. ಎದುರು ಪಕ್ಷದವನ ಎದೆಯೊಳಗೆ ಇಳಿದು ನೋಡುವ ಕಾವ್ಯ ನಮಗೆ ಸಾವಿರ ವರ್ಷದ ಪರಿಚಯ. ಪಶ್ಚಿಮದ ಹಲವು ಕ್ರೈಸ್ತ ಸಂಘಟನೆಗಳಿಗೆ ಮಾತ್ರ ಇದು ಸಹಿಸಲಾಗಲಿಲ್ಲ. ಪುರೋಹಿತರ ಚಿತ್ರಣಕ್ಕಾಗಿ ಯಹೂದಿ ಸಂಘಟನೆಗಳೂ ಪ್ರತಿಭಟಿಸಿದವು. ನಾಟಕ ಪುನರುತ್ಥಾನವನ್ನು ತೋರಿಸುವುದೇ ಇಲ್ಲ. ಮಾತಿಲ್ಲದ ತಂತಿವಾದ್ಯಗಳಲ್ಲಿ, ಸಮಾಧಿಯ ಬಳಿ ಮುಗಿಯುತ್ತದೆ.

ತಾಳ ಹಾಕುತ್ತ ಕೇಳುವ ಅಭ್ಯಾಸವಿರುವವರಿಗೆ ಇಲ್ಲಿ ಇನ್ನೊಂದು ಸುಖ ಕಾದಿದೆ. ಮಗ್ದಲದ ಮರಿಯಳು ದಣಿದ ಯೇಸುವನ್ನು ಸಂತೈಸುವ ಹಾಡು ಐದರ ಎಣಿಕೆಯಲ್ಲಿದೆ, ನಮ್ಮ ಖಂಡನಡೆ. ನಿದ್ದೆ ಹೋಗು, ಚಿಂತೆ ಬಿಡು ಎಂಬ ಭಾವದ ಹಾಡಿಗೆ ಯಾರಾದರೂ ನಾಲ್ಕರ ನೆಮ್ಮದಿಯ ಲಯ ಕೊಡುತ್ತಿದ್ದರು. ವೆಬ್ಬರ್ ಐದು ಕೊಟ್ಟು, ಆ ಸಾಂತ್ವನದ ಕೆಳಗೇ ಒಂದು ತಳಮಳ ಇಟ್ಟಿದ್ದಾರೆ. ಸುಗಂಧ ತೈಲಕ್ಕೆ ಸುರಿದ ಹಣವನ್ನು ಬಡವರಿಗೆ ಕೊಡಬಹುದಿತ್ತಲ್ಲ ಎಂದು ಯೂದ ನಡುವೆ ನುಗ್ಗುವುದೂ ಅದೇ ಐದರಲ್ಲಿ. ಲಾಲಿ ಹಾಡಿದ ಲಯವೇ ಈಗ ಜಗಳದ ಲಯ. ದೇವಾಲಯದ ದೃಶ್ಯ ಏಳರಲ್ಲಿದೆ, ಮಿಶ್ರನಡೆ. ವ್ಯಾಪಾರಿಗಳು ಕೂಗಿ ಕೂಗಿ ಸರಕು ಮಾರುತ್ತಾರೆ, ಯೇಸು ಅವರನ್ನು ಅಟ್ಟುತ್ತಾನೆ. ಅವರು ಹೋದ ಮೇಲೆ ರೋಗಿಗಳು, ಕುಂಟರು, ಕುರುಡರು ಮುತ್ತಿಕೊಳ್ಳುತ್ತಾರೆ, ಅದೂ ವ್ಯಾಪಾರಿಗಳ ಧಾಟಿಯಲ್ಲೇ. ಕೊಳ್ಳಿರಿ ಎಂದವರೂ ಕಾಪಾಡು ಎಂದವರೂ ಒಂದೇ ರಾಗದಲ್ಲಿ ಒಬ್ಬ ಮನುಷ್ಯನನ್ನು ಹಿಂಡುತ್ತಾರೆ. ಮೇಳದ ವೇಗ ಏರಿದಂತೆ ಕೈಯಲ್ಲಿ ಏಳನ್ನು ಎಣಿಸುತ್ತಿದ್ದ ನನಗೇ ಉಸಿರು ಕಟ್ಟುತ್ತದೆ.

ಇನ್ನು ಗೆತ್ಸೆಮನೆ ತೋಟದ ಹಾಡು. ನನ್ನ ಹುಚ್ಚಿನ ನಡುಮನೆ ಇದೇ. ನಾಳೆ ಸಾಯಬೇಕಾದವನು ತಂದೆಯನ್ನು ಕೇಳುತ್ತಾನೆ: ನಾನೇಕೆ ಸಾಯಬೇಕು, ಸತ್ತರೆ ಆಗುವುದೇನು? ಮೊದಲು ಗಿಟಾರಿನ ಮೆಲುದನಿ, ಅಂಗಲಾಚುವ ಕೊರಳು. ಆಮೇಲೆ ವಾದ್ಯವೃಂದ ಒಂದೊಂದೇ ಮೆಟ್ಟಿಲು ಏರುತ್ತದೆ. ಪ್ರಾರ್ಥನೆ ವಾದವಾಗುತ್ತದೆ, ವಾದ ಚೀತ್ಕಾರವಾಗುತ್ತದೆ. ಆ ಚೀತ್ಕಾರ ತಾರಸ್ಥಾಯಿಯನ್ನೂ ಮೀರಿ ಹೋಗಬೇಕು, ಆದರೂ ಶ್ರುತಿಯಲ್ಲಿರಬೇಕು. ಧ್ವನಿಮುದ್ರಿಕೆಯಲ್ಲಿ ಹಾಡಿರುವುದು ಡೀಪ್ ಪರ್ಪಲ್ ತಂಡದ ಇಯನ್ ಗಿಲನ್. ಅವರ ಚೀರು ಉಕ್ಕಿನ ತಂತಿ ಎಳೆದ ಹಾಗೆ ನೇರ, ತೆಳು, ಹರಿತ. ಅವರ ಯೇಸು ದೇವರೊಡನೆ ಸಮಸಮಕ್ಕೆ ಜಗಳಕ್ಕೆ ನಿಂತವನು. ನಾರ್ಮನ್ ಜುವಿಸನ್ ನಿರ್ದೇಶಿಸಿ ಇಸ್ರೇಲಿನ ಮರುಭೂಮಿಯಲ್ಲಿ ಚಿತ್ರಿಸಿದ 1973ರ ಸಿನಿಮಾದಲ್ಲಿ ಇದೇ ಹಾಡನ್ನು ಟೆಡ್ ನೀಲಿ ಬಂಡೆ ಹತ್ತುತ್ತ ಹಾಡುತ್ತಾರೆ. ಅವರ ಕಂಠ ಒಡೆಯುತ್ತದೆ. ಒಡೆದ ಕಡೆ ಅವರು ಅದನ್ನು ಮುಚ್ಚುವುದಿಲ್ಲ, ಆ ಬಿರುಕಿನಿಂದಲೇ ಮುಂದಿನ ಸ್ವರ ಎತ್ತುತ್ತಾರೆ. ಹಿಂದೆಯೇ ಶತಮಾನಗಳ ಶಿಲುಬೆಯ ವರ್ಣಚಿತ್ರಗಳು ಸರಸರನೆ ಮಿಂಚಿ ಹೋಗುತ್ತವೆ. ನನಗೆ ಇಬ್ಬರೂ ಬೇಕು. ಆದರೆ ಒಬ್ಬರನ್ನೇ ಆರಿಸು ಎಂದರೆ ನೀಲಿ. ಹೆದರಿದ ಮನುಷ್ಯ ಕೊನೆಗೆ ಒಪ್ಪಿಕೊಳ್ಳುವ ಆ ಕ್ಷಣಕ್ಕೆ ಬಿರುಕು ಬಿಟ್ಟ ಕಂಠವೇ ಸರಿ.

ರೋಮನ್ ಅಧಿಕಾರಿ ಪಿಲಾತನನ್ನು ಬಿಟ್ಟು ಮುಂದೆ ಹೋಗಲಾರೆ. ಯೇಸುವಿಗೆ 39 ಛಡಿಯೇಟು ಹೊಡೆಸುವಾಗ ಅವನು ಒಂದೊಂದನ್ನೂ ಬಾಯಿಬಿಟ್ಟು ಎಣಿಸುತ್ತಾನೆ. ಹಿಂದೆ, ನಾಟಕದ ಆರಂಭದಲ್ಲೇ ಕೇಳಿದ್ದ ಗಿಟಾರಿನ ಅದೇ ವರಸೆ ಯಂತ್ರದಂತೆ ತಿರುಗುತ್ತಿರುತ್ತದೆ. ಪಿಲಾತನಾಗಿ ಹಾಡಿದ ಬ್ಯಾರಿ ಡೆನೆನ್ ಎಣಿಕೆ ಶುರುಮಾಡುವುದು ಅಧಿಕಾರಿಯ ದನಿಯಲ್ಲಿ. ಮೂವತ್ತು ದಾಟುವ ಹೊತ್ತಿಗೆ ಏಟು ಬೀಳುತ್ತಿರುವುದು ಯಾರ ಮೇಲೆ ಎಂಬ ಅನುಮಾನ ಹುಟ್ಟುವಷ್ಟು ಆ ದನಿ ಕುಸಿದಿರುತ್ತದೆ. ಬರಿಯ ಅಂಕಿಗಳಲ್ಲಿ ಇಷ್ಟು ಅಭಿನಯ ಮಾಡಿದವರನ್ನು ನಾನು ಬೇರೆ ಕೇಳಿಲ್ಲ. ಡೆನೆನ್ ಧ್ವನಿಮುದ್ರಿಕೆ, ಬ್ರಾಡ್‌ವೇ, ಸಿನಿಮಾ ಮೂರರಲ್ಲೂ ಪಿಲಾತನಾದವರು. ಹವಾಯಿಯಿಂದ ಬಂದು ಲಂಡನ್ನಿನ ಕ್ಲಬ್ಬೊಂದರಲ್ಲಿ ಹಾಡುತ್ತಿದ್ದಾಗ ವೆಬ್ಬರ್, ರೈಸ್ ಜೋಡಿಯ ಕಣ್ಣಿಗೆ ಬಿದ್ದ ಇವಾನ್ ಎಲಿಮನ್ ಮೂರರಲ್ಲೂ ಮರಿಯಳಾದರು. ಜುವಿಸನ್ ‘ಫಿಡ್ಲರ್ ಆನ್ ದ ರೂಫ್’ ಚಿತ್ರಿಸುತ್ತಿದ್ದಾಗ ಅದರಲ್ಲಿ ನಟಿಸುತ್ತಿದ್ದ ಡೆನೆನ್ ಅವರೇ ಇದನ್ನು ಸಿನಿಮಾ ಮಾಡಿ ಎಂದು ಕಿವಿಯಲ್ಲಿ ಹಾಕಿದ್ದು. ನೀಲಿ ಬ್ರಾಡ್‌ವೇಯಲ್ಲಿ ಮುಖ್ಯ ನಟನ ಬದಲಿಗೆ ಸಿದ್ಧರಾಗಿ ಕಾಯುತ್ತಿದ್ದವರು. ಸಿನಿಮಾದ ಯೂದ ಕಾರ್ಲ್ ಆಂಡರ್ಸನ್ ಕೂಡ ಹಾಗೆಯೇ ಬ್ರಾಡ್‌ವೇಯ ಯೂದ ಬೆನ್ ವೆರೀನ್ ಬದಲಿಗೆ ನಿಂತಿದ್ದವರು. ಯುದ್ಧದ ಟ್ಯಾಂಕುಗಳು ಅಟ್ಟಿಸಿಕೊಂಡು ಬರುವಾಗ ಆಂಡರ್ಸನ್ ಮರಳಿನಲ್ಲಿ ಓಡುವ ದೃಶ್ಯ ನೋಡಿದ ಮೇಲೆ ಯೂದನನ್ನು ಶಪಿಸುವುದು ಸಾಧ್ಯವಿಲ್ಲ. ನೀಲಿ, ಆಂಡರ್ಸನ್ ಇಬ್ಬರೂ ಗೆಳೆಯರಾಗಿ 1990ರ ದಶಕದಲ್ಲಿ ಅಮೆರಿಕದ ಊರೂರು ಸುತ್ತಿ ಅವೇ ಪಾತ್ರಗಳನ್ನು ಆಡಿದರು. 2004ರಲ್ಲಿ ಆಂಡರ್ಸನ್ ಲ್ಯುಕೇಮಿಯಾದಿಂದ ತೀರಿಕೊಂಡರು. ನೀಲಿ ಅರವತ್ತು ದಾಟಿದ ಮೇಲೂ ಆ ಹಾಡಿನ ಮೆಟ್ಟಿಲು ಹತ್ತುತ್ತಲೇ ಇದ್ದರು.

ನಮ್ಮ ದೇಶಕ್ಕೂ ಇದು ಬೇಗನೆ ಬಂತು. 1974ರಲ್ಲಿ ಮುಂಬಯಿಯಲ್ಲಿ ಅಲೀಕ್ ಪದಮ್ಸೀ ಇದನ್ನು ರಂಗಕ್ಕೆ ತಂದಾಗ ಮಧುಕರ್ ಧಾಸ್ ಯೇಸು, ನಂದು ಭೇಂಡೆ ಯೂದ. ಇಬ್ಬರೂ ರಾಕ್ ತಂಡಗಳಲ್ಲಿ ಹಾಡುತ್ತಿದ್ದ ಹುಡುಗರು. ರಾಕ್ ಹಾಡಿನಲ್ಲಿ ಪಳಗಿದ ಗಂಟಲನ್ನು ತಂದು ಅಭಿನಯ ಕಲಿಸಬೇಕು, ನಟನನ್ನು ತಂದು ಚೀರಲು ಕಲಿಸಿದರೆ ನಡೆಯದು ಎಂಬುದು ಪದಮ್ಸೀಯವರಿಗೆ ಗೊತ್ತಿತ್ತು ಎಂದು ಈ ಆಯ್ಕೆಯೇ ಹೇಳುತ್ತದೆ.

ಅದೇ ತತ್ತ್ವ ಇಪ್ಪತ್ತೆರಡು ವರ್ಷ ಕಳೆದು ನ್ಯೂಯಾರ್ಕಿನಲ್ಲಿ ಮತ್ತೆ ಫಲಿಸಿತು. ಜೋನಾಥನ್ ಲಾರ್ಸನ್ ವರ್ಷಗಟ್ಟಲೆ ಹೋಟೆಲೊಂದರಲ್ಲಿ ಊಟ ಬಡಿಸುತ್ತ ಬರೆದ ‘ರೆಂಟ್’, ಪುಚ್ಚೀನಿಯ ‘ಲಾ ಬೊಹೆಮ್’ ಕಥೆಯನ್ನು ಏಡ್ಸ್ ಕಾಲದ ನ್ಯೂಯಾರ್ಕಿಗೆ ತಂದಿತು. ಕ್ಷಯದ ಜಾಗದಲ್ಲಿ ಏಡ್ಸ್, ಪ್ಯಾರಿಸ್ಸಿನ ಅಟ್ಟದ ಜಾಗದಲ್ಲಿ ಬಾಡಿಗೆ ಕಟ್ಟಲಾಗದ ಹಳೇ ಕಟ್ಟಡ. ನಾಟಕದ ಅನುಭವವೇ ಇಲ್ಲದ ರಾಕ್ ಗಾಯಕ ಆಡಮ್ ಪಾಸ್ಕಲ್ ಅದರ ನಾಯಕ. 1996ರ ಜನವರಿ 25ರ ನಸುಕಿನಲ್ಲಿ, ಮೊದಲ ಪ್ರಯೋಗಕ್ಕೆ ಕೆಲವೇ ಗಂಟೆಗಳಿರುವಾಗ, ಮಹಾಪಧಮನಿ ಸೀಳಿ ಲಾರ್ಸನ್ ಸತ್ತರು. ವಯಸ್ಸು 35. ಆ ಸಂಜೆ ನಟರು ಕುಣಿತ ಬೇಡ, ಮೇಜಿನ ಮುಂದೆ ಕೂತು ಬರೀ ಹಾಡೋಣ ಎಂದು ನಿಶ್ಚಯಿಸಿ, ಅವರ ಮನೆಯವರ, ಗೆಳೆಯರ ಎದುರು ಹಾಡಲು ಕೂತರು. ಮೊದಲ ಅಂಕದ ಕೊನೆಗೆ ಗೆಳೆಯರೆಲ್ಲ ಹೋಟೆಲಿನಲ್ಲಿ ಸೇರಿ ಬದುಕನ್ನು ಕೊಂಡಾಡುವ ಹಾಡೊಂದಿದೆ. ಅಲ್ಲಿಗೆ ಬರುವಷ್ಟರಲ್ಲಿ ಕೂತಿರಲಾಗದೆ ಮೇಜಿನ ಮೇಲೆ ಹತ್ತಿಬಿಟ್ಟರು. ಉಳಿದ ನಾಟಕವನ್ನು ಪೂರ್ತಿಯಾಗಿ ಆಡಿದರು. ಏಪ್ರಿಲ್‌ನಲ್ಲಿ ‘ರೆಂಟ್’ ಬ್ರಾಡ್‌ವೇಗೆ ಹೋಯಿತು, ಪುಲಿಟ್ಜರ್ ಪಡೆಯಿತು, 5,123 ಪ್ರಯೋಗ ಕಂಡಿತು. ಮುಂದಿನ ಸಾಲುಗಳ ಟಿಕೆಟ್ಟನ್ನು ಆಟದ ದಿನವೇ 20 ಡಾಲರಿಗೆ ಕೊಡುವ ಪದ್ಧತಿ ಅದರಿಂದ ಹೆಸರಾಯಿತು. ಬಡ ಕಲಾವಿದರ ಕಥೆಯನ್ನು ಬಡ ಹುಡುಗರು ಮುಂದೆ ಕೂತು ನೋಡಿದರು. ನನಗೆ ಆ ಪ್ರಶಸ್ತಿಗಿಂತ ಈ ಸಂಗತಿ ಹೆಚ್ಚು ಪ್ರಿಯ.

ನೀವು ಈ ಕಡೆ ಇನ್ನೂ ಬಂದಿಲ್ಲವಾದರೆ ಸಿನಿಮಾದಿಂದ ಶುರುಮಾಡಬೇಡಿ. ‘ಸೂಪರ್‌ಸ್ಟಾರ್’ನ 1970ರ ಧ್ವನಿಮುದ್ರಿಕೆಯನ್ನು ಒಂದೇ ಬಾರಿಗೆ, ಮೊದಲಿಂದ ಕೊನೆಯವರೆಗೆ, ನಡುವೆ ಎಲ್ಲೂ ನಿಲ್ಲಿಸದೆ ಕೇಳಿ, ಹೆಚ್ಚೆಂದರೆ ಒಂದೂವರೆ ಗಂಟೆ. ನೀಲಿ, ಆಂಡರ್ಸನ್ ಇಬ್ಬರನ್ನೂ ಆಮೇಲೆ ನೋಡಿ. ಗೆತ್ಸೆಮನೆಯ ಹಾಡಿಗೆ ಯಾರ ಕಂಠ ಒಪ್ಪುತ್ತದೆ ಎಂದು ನೀವೂ ಒಂದು ತೀರ್ಮಾನಕ್ಕೆ ಬನ್ನಿ. ಗಿಲನ್ ಎಂದರೂ ನಾನು ಜಗಳವಾಡುವುದಿಲ್ಲ, ಇನ್ನೊಮ್ಮೆ ಇಬ್ಬರನ್ನೂ ಜೊತೆಗೆ ಕೂತು ಕೇಳೋಣ ಎನ್ನುತ್ತೇನೆ.