ಸುಳ್ಳು ಹೇಳುವ ಹಸಿರು ಗುರುತು

ಸಾಫ್ಟ್‌ವೇರ್ ಕೆಲಸವೆಂದರೆ ದಿನವಿಡೀ ಕೀಲಿಮಣೆ ಕುಟ್ಟುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ನಾವು ಬರೆದಿಟ್ಟ ಪ್ರೋಗ್ರಾಮನ್ನು ಜೋಡಿಸಿ ಪರೀಕ್ಷಿಸುವ ಕೆಲಸವನ್ನು ರಾತ್ರಿ ಜೆಂಕಿನ್ಸ್ ಎಂಬ ತಂತ್ರಾಂಶವೇ ಮಾಡುತ್ತದೆ. ಜೊತೆಗೆ ಡೇಟಾಬೇಸಿಗೂ ಆಜ್ಞೆ ಕೊಡುತ್ತದೆ. ನನಗೆ ಭಯವಿರುವುದು ಇಲ್ಲಿಯೇ. ಪ್ರೋಗ್ರಾಮು ಕೆಟ್ಟರೆ ಹಳೆಯದನ್ನು ಮತ್ತೆ ಹಾಕಬಹುದು. ಅಳಿಸಿದ ದಾಖಲೆ ಅಷ್ಟು ಸುಲಭವಾಗಿ ಮರಳದು. ಅದು ಯಾರದೋ ಹೆಸರು, ಯಾರದೋ ಹಣದ ಲೆಕ್ಕ. ನಮಗೆ ಒಪ್ಪಿಸಿದ ಅಮಾನತ್ತು.

ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಆಜ್ಞೆ ತಲುಪಿಸುವ ‘ಪಿಎಸ್‌ಕ್ಯೂಎಲ್’ಗೆ ಒಂದು ವಿಚಿತ್ರ ಗುಣವಿದೆ. ಕಡತದ ಮೂರನೇ ಆಜ್ಞೆ ವಿಫಲವಾದರೂ ಅದು ನಿಲ್ಲದೆ ನಾಲ್ಕನೆಯದಕ್ಕೆ ಹೋಗುತ್ತದೆ. ಕೊನೆಗೆ ಎಲ್ಲ ಸರಿಯಾಯಿತೆಂದು 0 ಒಪ್ಪಿಸುತ್ತದೆ. ಜೆಂಕಿನ್ಸ್ ಅದನ್ನು ನಂಬಿ ಹಸಿರು ಗುರುತು ತೋರಿಸುತ್ತದೆ. ಅನ್ನ ಬೆಂದಿದೆಯೇ ಎಂದು ನೋಡದೆ ಬಡಿಸಿದ ಹಾಗೆ! ‘ಆನ್ ಎರರ್ ಸ್ಟಾಪ್’ ಎಂಬ ಸೂಚನೆ ಸೇರಿಸಿದರೆ ಮೊದಲ ತಪ್ಪಿಗೇ ನಿಲ್ಲುತ್ತದೆ. ಆಜ್ಞೆಗಳನ್ನೆಲ್ಲ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿದರೆ ಅದುವರೆಗೆ ಮಾಡಿದ್ದೂ ರದ್ದಾಗುತ್ತದೆ. ಇದಕ್ಕಾಗಿ ತಂಡದಲ್ಲಿ ನಾನು ಹಠ ಹಿಡಿದೆ, ಗೊಣಗಾಟವನ್ನೂ ಕೇಳಿಸಿಕೊಂಡೆ.

ಬ್ಯಾಕಪ್ ಇದೆಯಲ್ಲಾ ಎನ್ನುವವರುಂಟು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಇಂಜಿನಿಯರೊಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. (ಅಳಿಸಿದ್ದು ಯಂತ್ರವಲ್ಲ, ಮನುಷ್ಯನ ಕೈ!) ತಾನಾಗಿ ನಡೆಯಬೇಕಿದ್ದ ಬ್ಯಾಕಪ್, ಉಪಕರಣದ ಆವೃತ್ತಿ ಹಳೆಯದಾದ್ದರಿಂದ ವಿಫಲವಾಗುತ್ತಲೇ ಇತ್ತು. ಎಚ್ಚರಿಕೆಯ ಇಮೇಲುಗಳೂ ಯಾರಿಗೂ ತಲುಪಿರಲಿಲ್ಲ. ಪುಣ್ಯಕ್ಕೆ, ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಪ್ರತಿಯೊಂದು ಉಳಿದಿತ್ತು.

ನಮ್ಮಲ್ಲೀಗ ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಯಂತ್ರಕ್ಕೆ ಹಾಕಿ, ತೆರೆದು, ದಾಖಲೆಗಳನ್ನು ಎಣಿಸಿ ನೋಡುತ್ತೇವೆ. ಆ ಎಣಿಕೆಯನ್ನು ನಾನು ಜೆಂಕಿನ್ಸ್‌ಗೆ ಬಿಟ್ಟಿಲ್ಲ.